ಹಳೆಯ ತೊಲೆಗೆ ಹೊಸ ನೆಲೆ

ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ಉಡುಪಿ ಸೀಮೆಯಲ್ಲಿ ಪೂರ್ವಿಕರು ಪ್ರಕೃತಿಯನ್ನು ಅರಿತೇ ಮನೆ ಕಟ್ಟಿದರು. ತಗ್ಗಿ ಚಾಚಿದ ಮಾಡು ಮುರಕಲ್ಲಿನ ಗೋಡೆಯನ್ನು ಮಳೆಯಿಂದ ಕಾಯುತ್ತದೆ. ನಡುವಣ ಅಂಗಳವು ಬೆಳಕನ್ನು ಒಳಕ್ಕೆ ತಂದು ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತದೆ. ಮರದ ಮುಚ್ಚಿಗೆಯ ಅಟ್ಟವು ಹಂಚಿನ ಕಾವನ್ನು ಕೋಣೆಗೆ ಇಳಿಯಗೊಡದು. ವಿದ್ಯುತ್ತಿನ ಹಂಗಿಲ್ಲದ ಈ ತಂಪೇ ಚೌಕಿಮನೆಯ ಹಿರಿಮೆ.

1974ರ ಭೂಸುಧಾರಣೆ ಹಾಗೂ ಕೂಡುಕುಟುಂಬಗಳ ವಿಭಜನೆಯ ತರುವಾಯ ಇಂತಹ ಮನೆಗಳನ್ನು ಕಾಪಾಡುವುದು ಅನೇಕರಿಗೆ ದುಸ್ಸಾಧ್ಯವಾಯಿತು. ಕೆತ್ತನೆಯ ಕಂಬಗಳು ಸೌದೆಯ ಪಾಲಾಗತೊಡಗಿದವು. ಈ ನಷ್ಟವನ್ನು ಕಂಡು ಮರುಗಿದವರಲ್ಲಿ ಮಣಿಪಾಲದ ವಿಜಯನಾಥ ಶೆಣೈಯವರು ಅಗ್ರಗಣ್ಯರು. ಬ್ಯಾಂಕಿನ ಉದ್ಯೋಗಿಯಾಗಿದ್ದ ಅವರು, ಕೆಡವಿದ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ಸಂಗ್ರಹಿಸಿ ‘ಹಸ್ತಶಿಲ್ಪ’ವೆಂಬ ಸ್ವಂತ ಮನೆಯನ್ನು ಕಟ್ಟಿದರು. ಅನಂತರ ಇಡೀ ಕಟ್ಟಡಗಳನ್ನೇ ಬಿಚ್ಚಿ ತಂದು ಮರಳಿ ನಿಲ್ಲಿಸುವ ಸಾಹಸಕ್ಕೆ ಕೈಹಾಕಿದರು. ಕಾಪು ಕಡೆಯ ಕುಂಜೂರಿನ ಚೌಕಿಮನೆ, ಕಾರ್ಕಳ ಸೀಮೆಯ ಮಿಯಾರಿನ ಮನೆ, ಕುಕನೂರಿನ ಕಮಲಮಹಲು, ಜಂಗಮ ಮಠ ಮೊದಲಾದವು ಮಣಿಪಾಲದ ಪರಂಪರಾ ಗ್ರಾಮದಲ್ಲಿ ಪುನರ್ಜನ್ಮ ಪಡೆದಿವೆ. ಶೆಣೈಯವರು 2017ರಲ್ಲಿ ಕೀರ್ತಿಶೇಷರಾದರು.

ಕಟ್ಟಡವನ್ನು ಹೀಗೆ ಸ್ಥಳಾಂತರಿಸುವುದು ಸಾಧ್ಯವಾಗುವುದು ಮರದ ಜೋಡಣೆಯ ಕೌಶಲದಿಂದ. ಒಂದು ತೊಲೆಯ ನಾಲಗೆಯನ್ನು ಮತ್ತೊಂದರ ಕುಳಿಗೆ ಕೂಡಿಸಿ ಬೆಣೆ ಬಡಿದ ಚೌಕಟ್ಟನ್ನು, ಬೆಣೆ ತೆಗೆದರೆ ಮುರಿಯದೆ ಬಿಚ್ಚಬಹುದು. ಸಿಮೆಂಟಿನಲ್ಲಿ ಹೂತ ಕಬ್ಬಿಣಕ್ಕೆ ಈ ಭಾಗ್ಯವಿಲ್ಲ. ಬಿಚ್ಚುವ ಮುನ್ನ ನಕ್ಷೆ ತೆಗೆದು, ಪ್ರತಿಯೊಂದು ಭಾಗಕ್ಕೂ ಗುರುತಿನ ಸಂಖ್ಯೆ ಬರೆಯುವುದು ಅವಶ್ಯಕ.

ಹಳೆಯ ಮರದ ಲಾಭ ಎರಡು ಬಗೆಯದು. ಇಟ್ಟಿಗೆ, ಸಿಮೆಂಟು, ಉಕ್ಕುಗಳಿಗೆ ಕುಲುಮೆಯ ಬೆಂಕಿ ಬೇಕು. ಬಳಸಿದ ತೊಲೆಗೆ ಬೇಕಾದುದು ಸಾಗಣೆಯೂ ಬಡಗಿಯ ಉಳಿಯೂ ಮಾತ್ರ. ಒಣಮರದ ತೂಕದಲ್ಲಿ ಸುಮಾರು ಅರ್ಧಪಾಲು ಇಂಗಾಲ. ಸುಟ್ಟರೆ ಅದು ಗಾಳಿಗೆ ಸೇರುವುದು, ಮನೆಯಲ್ಲಿ ನಿಂತರೆ ಅಲ್ಲಿಯೇ ಉಳಿಯುವುದು. ಆದರೆ ಹಳೆಯದೆಲ್ಲವೂ ಯೋಗ್ಯವಲ್ಲ. ಗೆದ್ದಲು ಹಿಡಿದ ಬುಡವನ್ನು ಕತ್ತರಿಸಬೇಕು. ಅಡಗಿದ ಮೊಳೆಗಳನ್ನು ಕೀಳಬೇಕು. ಕಂಬವು ನೆಲದ ತೇವ ಹೀರದಂತೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಬೇಕು.

ಊರಿನ ಹಳೆಯ ಮನೆಯನ್ನಾಗಲಿ ಶಾಲೆಯ ಹಳೆಯ ಕೊಠಡಿಯನ್ನಾಗಲಿ ಕೆಡವಲು ಹೊರಟವರು, ಗುದ್ದಲಿ ಎತ್ತುವ ಮುನ್ನ ಒಬ್ಬ ಅನುಭವಿ ಬಡಗಿಯನ್ನು ಕರೆಸಿ ತೋರಿಸುವುದು ಉಚಿತ. ಮರವನ್ನು ಉಳಿಸಿದರೆ ಅದರ ಜೋಡಣೆಯ ವಿದ್ಯೆಯೂ ಉಳಿಯುತ್ತದೆ. ವಿದ್ಯೆ ಅಳಿದರೆ ಉಳಿದ ಮರವನ್ನು ನಿಲ್ಲಿಸುವವರೇ ಇರುವುದಿಲ್ಲ.