ಮನೆ ಕಟ್ಟುವ ಮುಂಚೆ ಮಣ್ಣು ನೋಡೋಣ



ನಮ್ಮ ಸಂಘಗಳಲ್ಲಿ ದೊಡ್ಡ ಸಾಲ ಕೇಳುವವರು ಹೆಚ್ಚಾಗಿ ಎರಡೇ ಕಾರಣ ಹೇಳುತ್ತಾರೆ. ಒಂದು ಮಗಳ ಮದುವೆ, ಇನ್ನೊಂದು ಮನೆ. ಮದುವೆ ಸಾಲದ ಬಗ್ಗೆ ಸಭೆಯಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಮನೆ ಸಾಲ ಅಂದಾಗ ಮಾತ್ರ "ಮೇಸ್ತ್ರಿ ಇಷ್ಟಾಗುತ್ತೆ ಅಂದಿದ್ದಾರೆ" ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಯಾವ ಸಾಮಾನು, ಎಲ್ಲಿಂದ ಬರುತ್ತದೆ, ಅದಕ್ಕಿಂತ ಕಡಿಮೆಯದ್ದು, ತಂಪಾದದ್ದು ಇಲ್ಲವೇ ಎಂದು ಯಾರೂ ಕೇಳುವುದಿಲ್ಲ. ಕೊನೆಗೆ ಸಾಲ ತೀರಿಸುವವರು ನಾವು, ಬೇಸಿಗೆಯಲ್ಲಿ ಆ ಬಿಸಿ ತಾರಸಿಯ ಕೆಳಗೆ ಒಲೆ ಮುಂದೆ ಕೂರುವವರೂ ನಾವೇ. ಆದ್ದರಿಂದ ಈ ಸಲದ ಪಾಠ ಮನೆಯ ಗೋಡೆಯ ಬಗ್ಗೆ.

ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿಯ ಹೆಸರು ಕೆಲವರಾದರೂ ಕೇಳಿರಬಹುದು. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಭಾರತಕ್ಕೆ ಬಂದು ನೆಲೆಸಿ, ಕೇರಳದಲ್ಲಿ ಬಡವರಿಗೂ ಅನುಕೂಲಸ್ಥರಿಗೂ ಕಡಿಮೆ ಖರ್ಚಿನ ಮನೆ ಕಟ್ಟಿಕೊಟ್ಟು, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು. ಮನೆಗೆ ಬೇಕಾದ ಸಾಮಾನು ಐದು ಮೈಲಿಯೊಳಗೇ ಸಿಗಬೇಕು ಎಂಬ ಗಾಂಧೀಜಿಯ ಮಾತನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಐದು ಮೈಲಿಯೊಳಗೆ ನಮಗೆ ಸಿಗುವುದೇನು? ಕರಾವಳಿಯವರಿಗೆ ಕೆಂಪುಕಲ್ಲು ಇದೆ, ಅವರು ಪುಣ್ಯವಂತರು. ಬಯಲುಸೀಮೆಯ ನಮಗೆ ಕಾಡುಗಲ್ಲು ಇದೆ, ಮಣ್ಣು ಇದೆ.

"ಮಣ್ಣಿನ ಮನೇಲಿ ಹುಟ್ಟಿ ಬೆಳೆದದ್ದು ಸಾಕು, ಮತ್ತೆ ಅದೇನಾ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಮಳೆಗೆ ಕರಗಿದ ಗೋಡೆ, ಹೆಗ್ಗಣ, ವರ್ಷಕ್ಕೊಮ್ಮೆ ಸಾರಿಸುವ ಕೆಲಸ, ಇದನ್ನೆಲ್ಲ ಕಂಡವರು ನಾವು. ಇಲ್ಲಿ ಹೇಳುತ್ತಿರುವುದು ಆ ಗೋಡೆಯಲ್ಲ. ಮಣ್ಣಿಗೆ ನೂರಕ್ಕೆ ಆರರಿಂದ ಎಂಟು ಭಾಗ ಸಿಮೆಂಟ್ ಸೇರಿಸಿ, ಯಂತ್ರದಲ್ಲಿ ಒತ್ತಿ ತೆಗೆದ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, 'ಮರ್ದಿನಿ' ಎಂಬ ಕೈಯಂತ್ರವನ್ನೂ ರೂಪಿಸಿದರು. ಇದನ್ನು ಸುಡುವ ಹಾಗಿಲ್ಲ, ಅಂದರೆ ಗೂಡಿಗೆ ಸೌದೆ ಬೇಡ. ಆ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸುಟ್ಟ ಇಟ್ಟಿಗೆಗೆ ತಗಲುವ ಶಕ್ತಿಯ ಕಾಲುಭಾಗ ಇದಕ್ಕೆ ಸಾಕು.

ಇಟ್ಟಿಗೆ ಸಾಮಾನ್ಯವಾಗಿ ಒಂಬತ್ತು ಇಂಚು ಉದ್ದ, ಏಳೂವರೆ ಇಂಚು ಅಗಲ, ನಾಲ್ಕು ಇಂಚು ಎತ್ತರ. ತೂಕ ಸುಮಾರು ಎಂಟು ಕಿಲೋ. ಒಂದು ಚೀಲ ಸಿಮೆಂಟಿಗೆ ಹೆಚ್ಚುಕಡಿಮೆ 90 ಇಟ್ಟಿಗೆ ಬರುತ್ತದೆ. ಇಪ್ಪತ್ತು ಅಡಿಗೆ ಮೂವತ್ತು ಅಡಿಯ ಮನೆಗೆ ನಾವು ಲೆಕ್ಕ ಹಾಕಿ ನೋಡಿದೆವು: ಸುಮಾರು 4000 ಇಟ್ಟಿಗೆ, ಅದಕ್ಕೆ 45 ಚೀಲ ಸಿಮೆಂಟ್. ಅದೇ ಒಂಬತ್ತು ಇಂಚಿನ ಸುಟ್ಟ ಇಟ್ಟಿಗೆ ಗೋಡೆಯಾದರೆ ಹತ್ತು ಸಾವಿರದ ಮೇಲೆ ಇಟ್ಟಿಗೆ ಬೇಕು. ನಿಮ್ಮೂರಿನ ದರ ಹಾಕಿ ನೀವೇ ಕೂಡಿಸಿ ನೋಡಿ. ಕೂಲಿಯನ್ನು ಮರೆಯಬೇಡಿ. ಇಟ್ಟಿಗೆ ಒತ್ತುವುದಕ್ಕೆ ಕೈಗಳು ಹೆಚ್ಚು ಬೇಕು, ಆದರೆ ಆ ಕೂಲಿ ಲಾರಿ ಹತ್ತಿ ಹೋಗುವುದಿಲ್ಲ, ಊರಿನಲ್ಲೇ ಉಳಿಯುತ್ತದೆ.

ಎಲ್ಲ ಮಣ್ಣೂ ಆಗುವುದಿಲ್ಲ, ಇದು ಮುಖ್ಯ. ಎರೆಭೂಮಿಯ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದು ಈ ಇಟ್ಟಿಗೆಗೆ ಬೇಡ. ಕೆಂಪುಮಣ್ಣು ಚೆನ್ನ, ಆದರೂ ಪರೀಕ್ಷೆ ಮಾಡಲೇಬೇಕು. ಮೇಲಿನ ಒಂದೆರಡು ಅಡಿ ಮಣ್ಣನ್ನು ಕೈತೋಟಕ್ಕೆ ಬಿಡಿ, ಅದರಲ್ಲಿ ಬೇರು, ಗೊಬ್ಬರ ಇರುತ್ತದೆ. ಅದರ ಕೆಳಗಿನದನ್ನು ತೆಗೆದು ಅಗಲ ಬಾಯಿಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ. ಒಂದು ಗಂಟೆ ಬಿಟ್ಟು ಮತ್ತೆ ಕುಲುಕಿ, ಮಾರನೆ ದಿನದವರೆಗೆ ಅಲುಗಿಸದೆ ಇಡಿ. ತಳದಲ್ಲಿ ಮರಳು, ನಡುವೆ ಧೂಳಿನಂಥ ಮಣ್ಣು, ಮೇಲೆ ಅಂಟು ಮಣ್ಣು ಪದರ ಪದರವಾಗಿ ಕೂರುತ್ತದೆ. ಮರಳೇ ಮೂರರಲ್ಲಿ ಎರಡು ಭಾಗದಷ್ಟಿದ್ದು, ಅಂಟು ಮಣ್ಣು ನೂರಕ್ಕೆ ಹತ್ತು ಹದಿನೈದು ಇದ್ದರೆ ಒಳ್ಳೆಯ ಮಣ್ಣು. ಅಂಟು ಜಾಸ್ತಿ ಇದ್ದರೆ ಮರಳೋ ಕ್ರಷರ್ ಪುಡಿಯೋ ಬೆರೆಸಿ ಸರಿಮಾಡಬಹುದು. ಬಾಟಲಿ ಅಂದಾಜು ಮಾತ್ರ ಹೇಳುತ್ತದೆ, ಸಾವಿರಾರು ಇಟ್ಟಿಗೆ ಒತ್ತುವ ಮುಂಚೆ ಪ್ರಯೋಗಾಲಯದಲ್ಲಿ ತೋರಿಸುವುದು ಒಳ್ಳೆಯದು.

ನೀರಿನ ಹದಕ್ಕೂ ಒಂದು ಉಪಾಯವಿದೆ, ರಾಗಿ ಮುದ್ದೆ ಕಟ್ಟುವವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಕಲಸಿದ ಮಣ್ಣನ್ನು ಉಂಡೆ ಮಾಡಿ ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ. ಪುಡಿಯಾದರೆ ನೀರು ಸಾಲದು, ಮುದ್ದೆಯಾಗಿಯೇ ಉಳಿದರೆ ನೀರು ಹೆಚ್ಚು. ಒತ್ತಿದ ಇಟ್ಟಿಗೆಯನ್ನು ನೆರಳಲ್ಲಿ ಜೋಡಿಸಿ, ಹುಲ್ಲು ಮುಚ್ಚಿ, ಮೂರು ವಾರ ನೀರು ಚಿಮುಕಿಸಬೇಕು. ಅವಸರ ಮಾಡುವವರು ಕೆಡಿಸಿಕೊಳ್ಳುವುದು ಇಲ್ಲೇ. ಆಮೇಲೆ ಒಂದನ್ನು ಇಡೀ ದಿನ ನೀರಲ್ಲಿ ಮುಳುಗಿಸಿಟ್ಟು ಮೊಳೆಯಿಂದ ಕೆರೆದು ನೋಡಿ. ಕರಗಿದರೆ, ಸುಲಭವಾಗಿ ಕಿತ್ತು ಬಂದರೆ ಆ ರಾಶಿ ಗೋಡೆಗೆ ಬೇಡ.

ಪಾಯ ಕಲ್ಲಿನದೇ ಆಗಲಿ, ನೆಲದಿಂದ ಒಂದೂವರೆ ಅಡಿಯಾದರೂ ಮೇಲೆ ಬರಲಿ. ಸೂರು, ಸಜ್ಜ ಎರಡಡಿ ಮುಂದೆ ಚಾಚಿರಲಿ.

"ಅಮ್ಮಾ, ಅದೆಲ್ಲ ನಿಲ್ಲಲ್ಲ, ನನ್ ಮಾತ್ ಕೇಳಿ" ಎಂದು ಮೇಸ್ತ್ರಿ ಹೇಳಬಹುದು. ಅವರನ್ನು ದೂರುವುದು ಬೇಡ, ಮಾಡಿ ಅಭ್ಯಾಸವಿಲ್ಲದ ಕೆಲಸಕ್ಕೆ ಯಾರೂ ಹಿಂಜರಿಯುತ್ತಾರೆ. ಇಂಥ ಇಟ್ಟಿಗೆಯ ಅಂತಸ್ತಿನ ಮನೆಗಳು ಬೆಂಗಳೂರಿನಲ್ಲಿ ಎಷ್ಟೋ ಇವೆ. ಮೂರು ಮಳೆಗಾಲ ಕಂಡ ಒಂದು ಮನೆಗೆ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿ, ಅಡುಗೆಮನೆಯೊಳಗೆ ನಿಂತು ಆ ಮನೆಯಾಕೆಯನ್ನೇ ಕೇಳಿ: ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ತೇವ ಬರುತ್ತೆ, ಮಧ್ಯಾಹ್ನ ಹೇಗಿರುತ್ತೆ. ಪಂಚಾಯಿತಿಯಿಂದ ಮನೆ ಮಂಜೂರಾಗಿದ್ದರೆ ಕಂತಿನ ಹಣ ಸಿಕ್ಕಿಬೀಳದಂತೆ ಇಂಜಿನಿಯರ್ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಈ ಇಟ್ಟಿಗೆಗೆ ಐ.ಎಸ್. 1725 ಎಂಬ ಭಾರತೀಯ ಮಾನಕವೇ ಇದೆ, ಆ ಸಂಖ್ಯೆಯನ್ನು ಬರೆದುಕೊಂಡು ಹೋಗಿ.

ಮುಂದಿನ ಸಭೆಗೆ, ಈ ವರ್ಷ ಮನೆ ಕಟ್ಟಬೇಕೆಂದಿರುವ ಸದಸ್ಯೆಯರು ತಮ್ಮ ನಿವೇಶನದ ಮಣ್ಣನ್ನು ಬಾಟಲಿಯಲ್ಲಿ ಹಿಂದಿನ ದಿನವೇ ಕುಲುಕಿಟ್ಟು, ಅಲುಗಿಸದೆ ತರಲಿ. ಮೇಸ್ತ್ರಿ ಕೊಟ್ಟ ಅಂದಾಜು ಪಟ್ಟಿಯನ್ನೂ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಲದ ಅರ್ಜಿ ಓದೋಣ.