ಲೇಥ್ ಮುಂದೆ ನಿಲ್ಲುವ ಮೊದಲು

ಐಟಿಐಗೆ ಹೊಸದಾಗಿ ಸೇರಿದವರಿಗೆ ಮೊದಲ ವಾರ ನಾನು ಲೇಥ್ ಚಾಲೂ ಮಾಡಲು ಬಿಡುವುದಿಲ್ಲ. ಚಕ್ ಕೀ ಕೈಗೆ ಕೊಟ್ಟು, “ಇದನ್ನು ಚಕ್‌ನಲ್ಲೇ ಮರೆತು ಸ್ವಿಚ್ ಒತ್ತಿದರೆ ಏನಾಗುತ್ತೆ?” ಎಂದು ಕೇಳುತ್ತೇನೆ. ಹಿಂದಿನಿಂದ ಯಾರಾದರೊಬ್ಬ “ಹಾರುತ್ತೆ ಸಾರ್” ಎನ್ನುತ್ತಾನೆ. ಹೌದು, ಎದುರಿಗೆ ನಿಂತವನ ಮುಖಕ್ಕೇ ಹಾರಬಹುದು. ಅದನ್ನು ಮರೆಯದೆ ತೆಗೆದಿಡಬೇಕಾದರೆ ತಲೆ ನೆಟ್ಟಗಿರಬೇಕು. ಮಾದಕ ವಸ್ತುಗಳ ಪಾಠವನ್ನು ನಾನು ಶುರು ಮಾಡುವುದು ಈ ಕೀಯಿಂದಲೇ.

ಮಾದಕ ವಸ್ತು ಎಂದೊಡನೆ ನಿಮಗೆ ಗಾಂಜಾ, ಸಿನಿಮಾದಲ್ಲಿ ಕಂಡ ಬಿಳಿ ಪುಡಿ ನೆನಪಾಗುತ್ತದೆ. ನಿಮ್ಮ ವಯಸ್ಸಿನವರ ಹತ್ತಿರ ಮೊದಲು ಸುಳಿಯುವುದು ಸಾಮಾನ್ಯವಾಗಿ ಬೀಡಿ, ಸಿಗರೇಟು, ಗುಟ್ಕಾ, ಬಿಯರು. ಆಮೇಲೆ ಡಾಕ್ಟರ ಚೀಟಿ ಇಲ್ಲದೆ ಯಾರೋ ತಂದುಕೊಟ್ಟ ನೋವಿನ ಮಾತ್ರೆ. ಇನ್ನೊಂದು ನಮ್ಮ ವರ್ಕ್‌ಶಾಪಿನೊಳಗೇ ಇದೆ: ಬಣ್ಣಕ್ಕೆ ಬೆರೆಸುವ ಥಿನ್ನರ್. ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಕೂಡ ಅದರ ಅಣ್ಣತಮ್ಮನೇ.

ಥಿನ್ನರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ಯಾರೂ ಡ್ರಗ್ಸ್ ಎಂದು ಎಣಿಸುವುದಿಲ್ಲ. ಅನೇಕ ಥಿನ್ನರ್‌ಗಳಲ್ಲಿ ಟಾಲ್ವೀನ್ ಎಂಬ ದ್ರಾವಕ ಇರುತ್ತದೆ. ಬಟ್ಟೆಗೆ ಹಾಕಿ ಮೂಸಿದರೆ ಅದರ ಆವಿ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಕೆಲವೇ ಕ್ಷಣಗಳಲ್ಲಿ ತಲುಪುತ್ತದೆ. ಚಟವಾಗಿ ವರ್ಷಗಟ್ಟಲೆ ಮೂಸಿದವರಿಗೆ ನೆನಪು ಕುಂದುತ್ತದೆ, ಕೈ ನಡುಗುತ್ತದೆ. ವರ್ನಿಯರ್ ಕ್ಯಾಲಿಪರ್‌ನಲ್ಲಿ 0.02 ಮಿಲಿಮೀಟರ್ ಓದಬೇಕಾದ ಕೈ ನಡುಗಿದರೆ ಫಿಟ್ಟರ್‌ಗೆ ಉಳಿಯುವುದೇನು? ಅದಕ್ಕಿಂತ ದೊಡ್ಡ ಅಪಾಯ ಹೃದಯದ ಬಡಿತ ಹಠಾತ್ತನೆ ಹದ ತಪ್ಪುವುದು. ಮೊದಲ ಸಲ ಮೂಸಿದವನೇ ಹಾಗೆ ಸತ್ತದ್ದುಂಟು. ಯಾರಾದರೂ ಮೂಸಿರುವುದು ಕಂಡರೆ ಕೂಗಾಡಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಗಾಬರಿಯಾದರೆ ಆ ಹೃದಯಕ್ಕೆ ಅಪಾಯ ಹೆಚ್ಚು. ಗಾಳಿಯಾಡುವ ಕಡೆ ಕೂರಿಸಿ, 108ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಪ್ರಮಾಣದಲ್ಲಿ ಕಂಡುಬಂದ ಚಟ ಈ ಮೂಸುವುದೊಂದೇ.

ಮೊದಲ ಸಲ ಇದನ್ನೆಲ್ಲ ಕೈಗಿಡುವವನು ಹೆಚ್ಚಾಗಿ ಗೊತ್ತಿರುವವನೇ. ರೂಮ್‌ಮೇಟ್, ಸೀನಿಯರ್, ಒಂದೇ ಬಸ್ಸಿನಲ್ಲಿ ಬರುವ ಗೆಳೆಯ. “ಒಂದು ದಮ್ ಎಳಿ ಮಗಾ, ಏನೂ ಆಗಲ್ಲ.” ಅವನಿಗೆ ಕಾರಣ ವಿವರಿಸಲು ಹೋಗಬೇಡಿ, ವಾದಕ್ಕೆ ನಿಲ್ಲುತ್ತಾನೆ. “ಬೇಡ ಮಗಾ, ನಂಗೆ ಬೇಡ” ಎಂದು ಅಲ್ಲಿಂದ ಎದ್ದುಬಿಡಿ. ಇದನ್ನು ತರಗತಿಯಲ್ಲಿ ಇಬ್ಬಿಬ್ಬರನ್ನು ನಿಲ್ಲಿಸಿ ಬಾಯಿಬಿಟ್ಟು ಹೇಳಿಸುತ್ತೇನೆ. ಮೊದಮೊದಲು ನಗುತ್ತಾರೆ, ನಾಲ್ಕನೇ ಸಲಕ್ಕೆ ದನಿ ಗಟ್ಟಿಯಾಗುತ್ತದೆ. ಮಾದಕ ವಸ್ತು ವಿರೋಧಿ ದಿನವಾದ ಜೂನ್ 26ರಂದು ಎಲ್ಲರೂ ಸಾಲಾಗಿ ನಿಂತು ಪ್ರತಿಜ್ಞೆ ಮಾಡುವುದು ಒಳ್ಳೆಯದೇ. ಆದರೆ ಈ ಅಭ್ಯಾಸವೇ ಹೆಚ್ಚು ಕೆಲಸಕ್ಕೆ ಬರುತ್ತದೆಂದು ನನ್ನ ನಂಬಿಕೆ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಬೆಳಗಿನ ಪ್ರಾಕ್ಟಿಕಲ್‌ನಲ್ಲಿ ತೂಕಡಿಸುತ್ತಿದ್ದ. ಸೋಮಾರಿ ಎಂದು ಬೈದು ಹೊರಗೆ ನಿಲ್ಲಿಸಿದೆ. ರಾತ್ರಿಯೆಲ್ಲ ಕೇಟರಿಂಗ್ ಕೆಲಸ, ಮೈಕೈ ನೋವಿಗೆ ಯಾರೋ ಕೊಟ್ಟ ಮಾತ್ರೆ, ಆಮೇಲೆ ಅದಿಲ್ಲದೆ ನಿಲ್ಲಲಾಗದ ಸ್ಥಿತಿ. ಇದು ನನಗೆ ತಿಳಿದದ್ದು ಅವನು ತಿಂಗಳುಗಟ್ಟಲೆ ಗೈರುಹಾಜರಾದ ಮೇಲೆ. ಮೊದಲ ದಿನವೇ “ಯಾಕಪ್ಪಾ, ನಿದ್ದೆ ಮಾಡಿಲ್ವಾ?” ಎಂದು ಕೇಳಬೇಕಿತ್ತು. ಈಗ ಕೇಳುತ್ತೇನೆ.

ಕಾನೂನಿನ ಭಯದಿಂದ ಬಾಯಿ ಮುಚ್ಚಿಕೊಂಡವರಿಗೆ ಒಂದು ಮಾತು. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಸೇದುವುದೂ ಅಪರಾಧ. ಅದೇ ಕಾಯ್ದೆಯ 64ಎ ಕಲಂ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಬಂದು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಟ ಒಂದು ಕಾಯಿಲೆ, ಅದಕ್ಕೆ ಔಷಧಿ, ಆಪ್ತಸಲಹೆ ಎರಡೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ, ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಉಚಿತ.

ಫೋನ್ ಮಾಡಲು ಧೈರ್ಯ ಸಾಲದಿದ್ದರೆ ಊಟದ ಬಿಡುವಿನಲ್ಲಿ ಸ್ಟಾಫ್‌ರೂಮಿಗೆ ಬನ್ನಿ, ನಿಮಗಾಗಿಯೋ ಗೆಳೆಯನಿಗಾಗಿಯೋ. ಆ ಹೊತ್ತಿನಲ್ಲಿ ನಾನು ಹಾಜರಿ ಪುಸ್ತಕ ತೆರೆಯುವುದಿಲ್ಲ.