ಸ್ಲೈಡಿನ ಹಿಂದಿರುವ ನೀವು ಕಾಣಬೇಕು
ಬಿಟಿಎಂ, ಜೆಪಿ ನಗರದ ಪಿಜಿಗಳಲ್ಲಿ ಕೂತು ರಾತ್ರಿ ಎಂಬಿಎ ಅರ್ಜಿ ತುಂಬುತ್ತಿರುವ ಕನ್ಸಲ್ಟೆಂಟ್ ಗೆಳೆಯರೇ, ಒಂದು ಮಾತು. 1973ರಲ್ಲಿ ಶುರುವಾಗಿ ಈಗ ಬನ್ನೇರುಘಟ್ಟ ರಸ್ತೆಯಲ್ಲಿರುವ ನಮ್ಮ ಐಐಎಂನ ಒಂದು ವರ್ಷದ ಇಪಿಜಿಪಿ ಆಗಲಿ, ಹೈದರಾಬಾದಿನ ಐಎಸ್‌ಬಿ ಆಗಲಿ, ಹಾರ್ವರ್ಡ್ ಆಗಲಿ, ನಿಮ್ಮಂಥವರ ಅರ್ಜಿಗಳು ಅಲ್ಲಿಗೆ ರಾಶಿ ಬೀಳುತ್ತವೆ. ಅದೇ ಕಂಪನಿ, ಅದೇ ಬಗೆಯ ಪ್ರಾಜೆಕ್ಟು, ಹೆಚ್ಚುಕಡಿಮೆ ಅದೇ ಜಿಮ್ಯಾಟ್ ಅಂಕ.

"ಕ್ಲೈಂಟ್‌ಗೆ ಇಷ್ಟು ಕೋಟಿ ಉಳಿಸಿದೆ" ಎಂಬ ಸಾಲು ಎಲ್ಲರಲ್ಲೂ ಇರುತ್ತದೆ. ಅದರಲ್ಲಿ ಇಡೀ ತಂಡದ ಪಾಲಿದೆ. ನಿಮ್ಮದೇನು, ಅದನ್ನು ಬರೆಯಿರಿ. ಗೋದಾಮಿನ ಲೆಕ್ಕ ಸರಿಪಡಿಸುವ ಕೆಲಸ ಎಂದಿಟ್ಟುಕೊಳ್ಳಿ. ಕೈಬರಹದ ರಿಜಿಸ್ಟರನ್ನೇ ನಂಬಿದ ಹಿರಿಯ ಸೂಪರ್‌ವೈಸರ್ ನಿಮ್ಮ ಎಕ್ಸೆಲ್ ಶೀಟ್ ಮುಟ್ಟಲೂ ಒಪ್ಪಲಿಲ್ಲ. ನೀವು ಅವರ ಪಕ್ಕ ಕೂತು, ಕನ್ನಡದಲ್ಲೇ ಮಾತಾಡಿ, ರಿಜಿಸ್ಟರಿನ ಕಾಲಂಗಳನ್ನೇ ಶೀಟಿಗೆ ತಂದಿರಿ, ಆಮೇಲೆ ಒಪ್ಪಿದರು. ಈ ಪ್ಯಾರಾವನ್ನು ಬೇರೆ ಯಾರೂ ಬರೆಯಲಾರರು. ಕ್ಲೈಂಟಿನ ಹೆಸರು, ಗುಟ್ಟಿನ ಅಂಕಿ ಮಾತ್ರ ಬೇಡ.

ಹಾರ್ವರ್ಡ್ ಕೇಳುವುದು ಎರಡು ಶಿಫಾರಸು ಪತ್ರ. ಹೆಸರಿಗಾಗಿ ದೊಡ್ಡ ಪಾರ್ಟ್‌ನರ್ ಹಿಂದೆ ಬೀಳಬೇಡಿ. ದಿನವೂ ನಿಮ್ಮ ಕೆಲಸ ನೋಡಿ ತಿದ್ದಿದ ಮ್ಯಾನೇಜರ್ ಬರೆದರೆ ಪತ್ರಕ್ಕೆ ಜೀವ ಬರುತ್ತದೆ. ತಿಂಗಳ ಮುಂಚೆಯೇ ಕೇಳಿ.

ಅರ್ಜಿಗೆಂದೇ ಕೊನೇ ಗಳಿಗೆಯಲ್ಲಿ ಎನ್‌ಜಿಒ ಸೇರಿದ್ದು ಓದುವವರಿಗೆ ತಿಳಿದುಬಿಡುತ್ತದೆ. ಬನಶಂಕರಿಯ ನಿಮ್ಮ ಬೀದಿಯ ಮಕ್ಕಳಿಗೆ ವರ್ಷಗಟ್ಟಲೆ ಗಣಿತ ಹೇಳಿಕೊಟ್ಟಿದ್ದರೆ, ಸಂಕೋಚ ಬಿಟ್ಟು ಬರೆಯಿರಿ. ಪ್ರಬಂಧ ಮುಗಿದ ಮೇಲೆ ಕನ್ಸಲ್ಟಿಂಗ್ ಗೊತ್ತಿಲ್ಲದ ನಿಮ್ಮಕ್ಕನಿಗೋ ಚಿಕ್ಕಪ್ಪನಿಗೋ ಕೊಡಿ. ಅವರು ತಡವರಿಸಿದ ಸಾಲನ್ನೆಲ್ಲ ಮತ್ತೆ ಬರೆಯಿರಿ.